ಎರಡು ಕ್ಯಾಮೆರಾಗಳ ಲೆಕ್ಕ: ಕೊಳ್ಳುವ ಬೆಲೆ ಮತ್ತು ಬಳಸುವ ವೆಚ್ಚ

ಯಂತ್ರವೊಂದನ್ನು ಕೊಳ್ಳಲು ಹೊರಟ ವರ್ತಕನು ಮೊದಲು ಕೇಳುವ ಪ್ರಶ್ನೆ ಅದರ ಬೆಲೆ ಎಷ್ಟೆಂಬುದು. ಎರಡನೆಯದು ಎಷ್ಟು ಕಡಿಮೆ ಮಾಡುವಿರಿ ಎಂಬುದು. ಈ ಯಂತ್ರವು ತನ್ನ ಆಯುಷ್ಯವಿಡೀ ಏನನ್ನು ಬೇಡುತ್ತದೆ, ಅದು ಬೇಡುವ ವಸ್ತು ತನ್ನ ಊರಿನಲ್ಲಿ ಸಿಗುತ್ತದೆಯೇ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಲಕ್ಷಾಂತರ ರೂಪಾಯಿಯ ಯಂತ್ರಗಳ ವಿಷಯದಲ್ಲಿ ಬ್ಯಾಂಕಿನವರಾದರೂ ಈ ಪ್ರಶ್ನೆಯನ್ನು ಕೇಳಿಸುತ್ತಾರೆ. ಹತ್ತು ಸಾವಿರದ ಯಂತ್ರಕ್ಕೆ ಕೇಳುವವರೇ ಇಲ್ಲ. ಸಣ್ಣ ಉದ್ಯಮದಲ್ಲಿ ಹಣ ಸೋರಿಹೋಗುವುದು ಬಹುತೇಕ ಇಂತಹ ಸಣ್ಣ ಯಂತ್ರಗಳಲ್ಲಿಯೇ.

ಸಮೀರವಾಡಿಯ ಸಕ್ಕರೆ ಕಾರ್ಖಾನೆಯನ್ನು ನಂಬಿ ಟ್ರ್ಯಾಕ್ಟರ್ ಬಿಡಿಭಾಗ, ಗೊಬ್ಬರ, ಕೀಟನಾಶಕಗಳ ಅಂಗಡಿಗಳು ನಡೆಯುತ್ತವೆ. ಸಮೀಪದ ಮಹಾಲಿಂಗಪುರದ್ದು ಬೆಲ್ಲದ ಪೇಟೆ. ರಬಕವಿ-ಬನಹಟ್ಟಿಯದು ಸೀರೆಯ ಪೇಟೆ. ಈ ಮೂರೂ ವ್ಯವಹಾರಗಳಲ್ಲಿ ಛಾಯಾಚಿತ್ರವು ಇಂದು ಸರಕಿನ ಮಾದರಿಯ ಸ್ಥಾನವನ್ನು ಪಡೆದುಕೊಂಡಿದೆ. ಸೀರೆಯನ್ನು ಬಿಚ್ಚಿ ತೋರಿಸುವ ಮೊದಲೇ ಗಿರಾಕಿಯು ಅದರ ಚಿತ್ರವನ್ನು ಕೇಳುತ್ತಾನೆ. ದಲಾಲಿ ಅಂಗಡಿಯವರು ಬೆಲ್ಲದ ಚಿತ್ರವನ್ನು ದೂರದ ಖರೀದಿದಾರರಿಗೆ ಕಳುಹಿಸುತ್ತಾರೆ. ಆದ್ದರಿಂದ ಚಿತ್ರ ತೆಗೆಯುವ ಯಂತ್ರವು ತಕ್ಕಡಿಯಂತೆಯೇ ವ್ಯಾಪಾರದ ಸಾಧನವಾಗಿದೆ ಎನ್ನಬಹುದು.

ಈ ಪಾಠಕ್ಕಾಗಿ 2007ರಲ್ಲಿ ಮಾರುಕಟ್ಟೆಗೆ ಬಂದ ಎರಡು ಅಗ್ಗದ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಆಯ್ದುಕೊಳ್ಳಲಾಗಿದೆ. ಒಂದು ಕ್ಯಾನನ್ ಪವರ್‌ಶಾಟ್ ಎ550. ಇನ್ನೊಂದು ಸೋನಿ ಸೈಬರ್‌ಶಾಟ್ ಡಬ್ಲ್ಯು55. ಎರಡರ ತಯಾರಿಕೆಯೂ ನಿಂತು ಬಹಳ ವರ್ಷಗಳಾದವು. ಹೀಗಿರುವಾಗ ಹಳೆಯ ಯಂತ್ರಗಳನ್ನೇ ಏಕೆ ಹಿಡಿಯಬೇಕು? ಕಾರಣ ಸರಳವಾಗಿದೆ. ನಡೆಯುತ್ತಿರುವ ಖಾತೆಗಿಂತ ಮುಕ್ತಾಯಗೊಂಡ ಖಾತೆಯನ್ನು ಪರಿಶೀಲಿಸುವುದು ಸುಲಭ. ಈ ಎರಡು ಯಂತ್ರಗಳ ಖಾತೆ ಮುಗಿದಿದೆ. ಕೊಂಡ ದಿನ ಯಾವುದು ಲಾಭಕರವೆಂದು ತೋರಿತ್ತು, ಕೊನೆಗೆ ಯಾವುದು ಹಾಗಾಯಿತು ಎಂಬುದನ್ನು ಈಗ ನೋಡಬಹುದು. ಇದಲ್ಲದೆ, ಕೆಲವು ವರ್ಷಗಳಿಂದೀಚೆಗೆ ಯುವಜನರಲ್ಲಿ ಹಳೆಯ ಪುಟ್ಟ ಕ್ಯಾಮೆರಾಗಳ ಮೋಹ ಮರಳಿ ಬಂದಿದ್ದು, ಇವು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಮತ್ತೆ ಕೈ ಬದಲಾಯಿಸುತ್ತಿವೆ.

ಅಂದಿನ ಮಾರುಕಟ್ಟೆಯ ಗಾತ್ರವನ್ನು ತಿಳಿಯಲು ಒಂದು ಅಂಕಿ ಸಾಕು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಅಧಿಕ. 2023ರಲ್ಲಿ ಅದು 80 ಲಕ್ಷಕ್ಕಿಂತ ಕೆಳಗಿಳಿದಿತ್ತು. ನಡುವೆ ಬಂದದ್ದು ಮೊಬೈಲ್ ಫೋನು.

ಹೋಲಿಕೆಯ ಮೊದಲ ಪುಟ

ಅಂಗಡಿಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುತ್ತಿದ್ದುದು ಮೆಗಾಪಿಕ್ಸೆಲ್. ಕ್ಯಾನನ್‌ನದು 7.1, ಸೋನಿಯದು 7.2. ಈ 0.1ರ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಎರಡೂ ಕೊಡುವ ದೊಡ್ಡ ಚಿತ್ರ 3072ಕ್ಕೆ 2304 ಚುಕ್ಕೆಗಳದ್ದು. ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಿದರೆ ಸುಮಾರು 10 ಅಂಗುಲ ಅಗಲ, ಏಳೂವರೆ ಅಂಗುಲ ಎತ್ತರದ ಚಿತ್ರ ಬರುತ್ತದೆ. ಸೀರೆಯ ಕ್ಯಾಟಲಾಗಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಲೆನ್ಸಿನ ವಿಷಯದಲ್ಲಿ ವ್ಯತ್ಯಾಸವಿದೆ, ಆದರೆ ಮಾರಾಟಗಾರನು ಹೇಳುವ ದಿಕ್ಕಿನಲ್ಲಿ ಅಲ್ಲ. ಕ್ಯಾನನ್‌ಗೆ 4 ಪಟ್ಟು ಝೂಮ್, ಸೋನಿಗೆ 3 ಪಟ್ಟು. ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ ಹೇಳುವುದಾದರೆ ಮೊದಲನೆಯದು 35ರಿಂದ 140 ಮಿ.ಮೀ., ಎರಡನೆಯದು 38ರಿಂದ 114 ಮಿ.ಮೀ. ಎಲ್ಲರೂ ನೋಡುವುದು ದೊಡ್ಡ ಅಂಕಿಯನ್ನು. ವರ್ತಕನು ನೋಡಬೇಕಾದದ್ದು ಚಿಕ್ಕ ಅಂಕಿಯನ್ನು. ಹಿಂದಕ್ಕೆ ಸರಿಯಲು ಜಾಗವಿಲ್ಲದ ಗೋದಾಮಿನಲ್ಲಿ 10 ಅಡಿ ದೂರ ನಿಂತು ಚಿತ್ರ ತೆಗೆದರೆ 35ರ ಲೆನ್ಸಿನಲ್ಲಿ ಹತ್ತಿರ ಹತ್ತಿರ 10 ಅಡಿ ಅಗಲದ ಸರಕು ಕಾಣುತ್ತದೆ. 38ರಲ್ಲಿ ಸುಮಾರು 9 ಅಡಿ. ಚೀಲದ ಥಪ್ಪಿಯೊಂದರ ಅಂಚು ಚಿತ್ರದಿಂದ ಹೊರಗುಳಿಯಲು ಒಂದು ಅಡಿ ಸಾಕು. ಮದುವೆಯಲ್ಲಿ ದೂರದ ವೇದಿಕೆಯನ್ನು ಹತ್ತಿರಕ್ಕೆಳೆಯುವ ಅನುಕೂಲ ಅಂಗಡಿಗೆ ಬೇಕಾಗುವುದು ಅಪರೂಪ.

ಹಿಂಬದಿಯ ಪರದೆ ಸೋನಿಯಲ್ಲಿ ಎರಡೂವರೆ ಅಂಗುಲ, ಕ್ಯಾನನ್‌ನಲ್ಲಿ 2 ಅಂಗುಲ. ಸೋನಿಯು ತೆಳುವಾದದ್ದು, ನೋಡಲು ಚೆಂದ. ಗಲ್ಲೆಯ ಮೇಲೆ ಇಬ್ಬರಿಗೆ ಚಿತ್ರ ತೋರಿಸಲು ದೊಡ್ಡ ಪರದೆ ಉಪಯುಕ್ತವೆಂಬುದನ್ನು ಒಪ್ಪತಕ್ಕದ್ದು.

ಸೆಲ್ಲಿನ ಲೆಕ್ಕ

ನಿಜವಾದ ಭೇದವಿರುವುದು ಹೊಟ್ಟೆಯಲ್ಲಿ. ಕ್ಯಾನನ್ ಎ550 ಗಡಿಯಾರ, ಟಾರ್ಚುಗಳಿಗೆ ಹಾಕುವ ಎರಡು ಎಎ ಸೆಲ್ಲುಗಳಿಂದ ನಡೆಯುತ್ತದೆ. ಸೋನಿ ಡಬ್ಲ್ಯು55ಕ್ಕೆ ಕಂಪನಿಯದೇ ಎನ್‌ಪಿ-ಬಿಜಿ1 ಎಂಬ ಲಿಥಿಯಂ ಬ್ಯಾಟರಿ ಬೇಕು. ಅದರ ಚಾರ್ಜರ್ ಪೆಟ್ಟಿಗೆಯೊಡನೆಯೇ ಬರುತ್ತಿತ್ತು.

ಈಗ ಒಂದು ಲೆಕ್ಕವನ್ನು ಮಾಡೋಣ. ಕೆಳಗಿನ ಮೊತ್ತಗಳು ಅಂದಿನ ಪೇಟೆಯ ದರಗಳಲ್ಲ. ಲೆಕ್ಕದ ಕ್ರಮವನ್ನು ತಿಳಿಯಲು ಹಿಡಿದ ಅಂಕಿಗಳು. ಓದುಗರು ತಮ್ಮ ದರಗಳನ್ನು ಹಾಕಿ ನೋಡಬಹುದು. ಎಎ ಸೆಲ್ಲಿನ ಕ್ಯಾಮೆರಾದ ಬೆಲೆ 9,000 ರೂ., ಮೆಮೊರಿ ಕಾರ್ಡು 400 ರೂ. ಲಿಥಿಯಂ ಬ್ಯಾಟರಿಯ ಕ್ಯಾಮೆರಾ 10,500 ರೂ., ಅದರ ಕಾರ್ಡು 900 ರೂ., ಹೆಚ್ಚುವರಿ ಬ್ಯಾಟರಿಯೊಂದಕ್ಕೆ 1,500 ರೂ. ಸೀರೆಯ ಉತ್ಪಾದಕನೊಬ್ಬನು ದಿನಕ್ಕೆ 40ರಂತೆ ವರ್ಷದ 250 ದಿನ ಚಿತ್ರ ತೆಗೆದರೆ ವರ್ಷಕ್ಕೆ 10,000 ಚಿತ್ರಗಳಾದವು. ಬಿಸಾಡುವ ಅಲ್ಕಲೈನ್ ಸೆಲ್ಲುಗಳ ಒಂದು ಜೊತೆ 100 ಚಿತ್ರಗಳಿಗೆ ಬರುತ್ತದೆ, ಅದರ ಬೆಲೆ 40 ರೂ. ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 100 ಜೊತೆ, ಅಂದರೆ 4,000 ರೂ. ಮೂರು ವರ್ಷಕ್ಕೆ 12,000 ರೂ. ಕ್ಯಾಮೆರಾಕ್ಕಿಂತ ಸೆಲ್ಲಿನ ವೆಚ್ಚವೇ ಹೆಚ್ಚಾಯಿತು!

ಅದೇ ಕ್ಯಾಮೆರಾಕ್ಕೆ ಮರಳಿ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ನಾಲ್ಕು ಮತ್ತು ಚಾರ್ಜರ್ ಸೇರಿ 1,000 ರೂ., ನಡುವೆ ಒಮ್ಮೆ ಸೆಲ್ಲು ಬದಲಿಸಲು 500 ರೂ. ಎಂದು ಹಿಡಿದರೆ ಮೂರು ವರ್ಷದ ಒಟ್ಟು ವೆಚ್ಚ ಹೀಗಾಗುತ್ತದೆ:

ಎಎ ಕ್ಯಾಮೆರಾ, ಬಿಸಾಡುವ ಸೆಲ್ಲಿನೊಡನೆ: 21,400 ರೂ.
ಎಎ ಕ್ಯಾಮೆರಾ, ಚಾರ್ಜಬಲ್ ಸೆಲ್ಲಿನೊಡನೆ: 10,900 ರೂ.
ಲಿಥಿಯಂ ಕ್ಯಾಮೆರಾ: 12,900 ರೂ.

ಒಂದೇ ಯಂತ್ರವು ಅತ್ಯಂತ ಅಗ್ಗದ್ದೂ ಅತ್ಯಂತ ದುಬಾರಿಯದೂ ಆಗಿರುವುದನ್ನು ಗಮನಿಸಬೇಕು. ವ್ಯತ್ಯಾಸವನ್ನು ಮಾಡಿದ್ದು ಕ್ಯಾಮೆರಾ ಅಲ್ಲ, ಅದರೊಡನೆ ಕೊಂಡ ಅಥವಾ ಕೊಳ್ಳದೆ ಬಿಟ್ಟ 1,000 ರೂಪಾಯಿಯ ಚಾರ್ಜರ್.

ಆದರೆ ಎಲ್ಲ ವರ್ತಕರೂ ಸೀರೆಯ ಉತ್ಪಾದಕರಲ್ಲ. ಗೊಬ್ಬರದ ಅಂಗಡಿಯವನು ತಿಂಗಳಿಗೊಮ್ಮೆ ದಾಸ್ತಾನಿನ ಚಿತ್ರ ತೆಗೆದಿಡುವವನಾದರೆ ವರ್ಷಕ್ಕೆ 500 ಚಿತ್ರವೂ ಕಷ್ಟ. ಅವನಿಗೆ ಬಿಸಾಡುವ ಸೆಲ್ಲು ಐದು ಜೊತೆ, 200 ರೂ.; ಮೂರು ವರ್ಷದ ಒಟ್ಟು 10,000 ರೂ. ಅವನ ಪಾಲಿಗೆ ಬಿಸಾಡುವ ಸೆಲ್ಲೇ ಅಗ್ಗ. ಮೇಲಾಗಿ ಅಂದಿನ ಸಾಮಾನ್ಯ ಚಾರ್ಜಬಲ್ ಸೆಲ್ಲುಗಳು ಡ್ರಾಯರಿನಲ್ಲಿ ಇಟ್ಟಲ್ಲಿಯೇ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದವು. ಬೇಕಾದ ದಿನ ಕ್ಯಾಮೆರಾ ಏಳುತ್ತಲೇ ಇರಲಿಲ್ಲ. ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದ ಎನೆಲೂಪ್ ಸೆಲ್ಲುಗಳನ್ನು ಸ್ಯಾನ್ಯೋ ಕಂಪನಿಯು 2005ರಲ್ಲಿ ಜಪಾನಿನಲ್ಲಿ ಹೊರತಂದಿತು.

ಹಾಗಾದರೆ ಲಿಥಿಯಂ ಬ್ಯಾಟರಿಯ ಪಕ್ಷದಲ್ಲಿ ಹೇಳಲು ಏನೂ ಇಲ್ಲವೇ? ಇದೆ. ಅದು ಹಗುರ, ಚಾರ್ಜನ್ನು ಚೆನ್ನಾಗಿ ಹಿಡಿದಿಡುತ್ತದೆ, ಸೆಲ್ಲುಗಳ ಜೋಡಿ ತಪ್ಪುವ ತಾಪತ್ರಯವಿಲ್ಲ. ಸೋನಿಯು ಅದೇ ಬ್ಯಾಟರಿಯನ್ನು ತನ್ನ ಇತರ ಹಲವು ಮಾದರಿಗಳಲ್ಲಿಯೂ ಬಳಸಿದ್ದರಿಂದ ಅದು ಬೇಗನೆ ಅಪರೂಪವಾಗಲಿಲ್ಲ. ಆದರೆ ಸುಗ್ಗಿಯ ಗಡಿಬಿಡಿಯಲ್ಲಿ ಅದು ಕೈಕೊಟ್ಟರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ. ಎಎ ಸೆಲ್ಲು ಸಿಗುತ್ತದೆ. ಈ ಅನುಕೂಲಕ್ಕೆ ಲೆಕ್ಕಪುಸ್ತಕದಲ್ಲಿ ಕಾಲಂ ಇಲ್ಲದಿದ್ದರೂ ಬೆಲೆ ಇದೆ.

ಕಾರ್ಡಿನ ಗತಿ

ಕ್ಯಾನನ್‌ಗೆ ಎಸ್‌ಡಿ ಕಾರ್ಡು. ಸೋನಿಗೆ ಅದರದೇ ಮೆಮೊರಿ ಸ್ಟಿಕ್ ಡ್ಯುಯೊ. ಎಸ್‌ಡಿಯನ್ನು ಅನೇಕ ಕಂಪನಿಗಳು ತಯಾರಿಸುತ್ತಿದ್ದುದರಿಂದ ಪೈಪೋಟಿಯಿತ್ತು, ಬೆಲೆ ಇಳಿಯುತ್ತ ಹೋಯಿತು. ಮೆಮೊರಿ ಸ್ಟಿಕ್ ಮುಖ್ಯವಾಗಿ ಒಂದೇ ಮನೆತನದ ಸೊತ್ತು. ಕೊನೆಗೆ 2010ರಲ್ಲಿ ಸೋನಿಯೇ ತನ್ನ ಹೊಸ ಕ್ಯಾಮೆರಾಗಳಲ್ಲಿ ಎಸ್‌ಡಿ ಕಾರ್ಡಿಗೆ ಜಾಗ ಮಾಡಿಕೊಟ್ಟಿತು. ಡಬ್ಲ್ಯು55 ಕೊಂಡವರ ಕೈಯಲ್ಲಿ ಉಳಿದದ್ದು ಹೊಸ ಯಂತ್ರಕ್ಕೆ ಬೇಕಿಲ್ಲದ ಕಾರ್ಡು. ಸೋನಿಯಲ್ಲಿ ಕಾರ್ಡಿಲ್ಲದೆಯೂ ಬಳಸಬಹುದಾದ 56 ಎಂಬಿ ಒಳಸ್ಮೃತಿ ಇದ್ದುದು ನಿಜ. ಚಿತ್ರಕ್ಕೆ 3 ಎಂಬಿ ಹಿಡಿದರೆ 18 ಚಿತ್ರಕ್ಕೆ ಅದು ತುಂಬಿತು.

ಬಿಲ್ಲಿಂಗ್ ಪ್ರಿಂಟರಿನ ರಿಬ್ಬನ್, ಶಾಯಿಯ ಕಾರ್ಟ್ರಿಜ್ ಇವುಗಳಲ್ಲಿಯೂ ಇದೇ ಕಥೆ. ಯಂತ್ರವನ್ನು ಅಗ್ಗವಾಗಿ ಕೊಟ್ಟು ಆಹಾರವನ್ನು ದುಬಾರಿಯಾಗಿ ಮಾರುವುದು ಹಳೆಯ ವ್ಯಾಪಾರ ತಂತ್ರ.

ಬಣ್ಣ: ಹಣ ಹೋಗುವ ದಾರಿ

ಮೇಲಿನ ಲೆಕ್ಕದಲ್ಲಿ ಚಾರ್ಜಬಲ್ ಸೆಲ್ಲಿನ ಕ್ಯಾಮೆರಾಕ್ಕೂ ಲಿಥಿಯಂ ಕ್ಯಾಮೆರಾಕ್ಕೂ ಮೂರು ವರ್ಷದಲ್ಲಿ ಬಂದ ಅಂತರ 2,000 ರೂ. ಇದನ್ನು 30,000 ಚಿತ್ರಗಳಿಗೆ ಹಂಚಿದರೆ ಚಿತ್ರಕ್ಕೆ ಏಳು ಪೈಸೆಯೂ ಆಗುವುದಿಲ್ಲ. ಈ ಏಳು ಪೈಸೆಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವ ವರ್ತಕನು ಇನ್ನೊಂದು ಲೆಕ್ಕವನ್ನು ಬರೆಯುವುದೇ ಇಲ್ಲ.

ತಿಂಗಳಿಗೆ 300 ಸೀರೆಗಳನ್ನು ಚಿತ್ರ ತೋರಿಸಿ ಮಾರುವ ಉತ್ಪಾದಕನಿಗೆ ಅವುಗಳಲ್ಲಿ 10 ಸೀರೆಗಳು ‘ಚಿತ್ರದಲ್ಲಿದ್ದ ಬಣ್ಣ ಇದಲ್ಲ’ ಎಂಬ ಕಾರಣಕ್ಕೆ ಮರಳಿ ಬರುತ್ತವೆ ಎಂದು ಭಾವಿಸೋಣ. ಹೋಗಿಬರುವ ಸಾಗಣೆ, ಮತ್ತೆ ಇಸ್ತ್ರಿ, ಮಡಿಕೆ ಎಲ್ಲ ಸೇರಿ ಸೀರೆಗೆ 200 ರೂ. ಹಿಡಿದರೆ ತಿಂಗಳಿಗೆ 2,000 ರೂ. ಮೂರು ವರ್ಷಕ್ಕೆ 72,000 ರೂ. ಎರಡು ಕ್ಯಾಮೆರಾಗಳ ನಡುವಿನ ಮೂರು ವರ್ಷದ ಅಂತರವು ಬಣ್ಣ ತಪ್ಪಿದ ಒಂದೇ ತಿಂಗಳಿನಲ್ಲಿ ಕರಗಿಹೋಯಿತು.

ಬಣ್ಣ ತಪ್ಪುವುದೇಕೆ? ಮೋಡದ ಬೆಳಕು ನೀಲಿಯತ್ತ, ಹಳೆಯ ಗಾಜಿನ ಬಲ್ಬಿನ ಬೆಳಕು ಹಳದಿಯತ್ತ, ಟ್ಯೂಬ್‌ಲೈಟಿನದು ಹಲವೊಮ್ಮೆ ಹಸಿರಿನತ್ತ ವಾಲುತ್ತದೆ. ಮನುಷ್ಯನ ಕಣ್ಣು ಇದನ್ನು ತಾನಾಗಿ ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾ ಊಹಿಸುತ್ತದೆ. ಇಡೀ ಚೌಕಟ್ಟನ್ನು ಕೆಂಪು ಸೀರೆಯೇ ತುಂಬಿದ್ದರೆ, ಬೆಳಕೇ ಕೆಂಪಗಿದೆಯೆಂದು ಭ್ರಮಿಸಿ ಬಣ್ಣವನ್ನು ತಗ್ಗಿಸಿಬಿಡುವುದೂ ಉಂಟು. ಇದಕ್ಕೆ ‘ವೈಟ್ ಬ್ಯಾಲೆನ್ಸ್’ ಎಂಬ ಆಯ್ಕೆ ಇದೆ. ಎ550ರಲ್ಲಿಯೂ ಡಬ್ಲ್ಯು55ರಲ್ಲಿಯೂ ಬಿಸಿಲು, ಮೋಡ, ಬಲ್ಬು, ಟ್ಯೂಬ್‌ಲೈಟ್ ಎಂದು ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಸೌಲಭ್ಯವಿತ್ತು. ಅದನ್ನು ‘ಆಟೊ’ದಿಂದ ಒಮ್ಮೆಯೂ ಕದಲಿಸದೆ ಕ್ಯಾಮೆರಾ ಸರಿಯಿಲ್ಲವೆಂದು ದೂರಿದವರೇ ಹೆಚ್ಚು.

ಪರೀಕ್ಷೆಗೆ ಖರ್ಚಿಲ್ಲ. ಬೆಳಗಿನ ಹೊತ್ತು ನೇರ ಬಿಸಿಲು ಬೀಳದ ಬಾಗಿಲ ಬಳಿ ಒಂದು ಬಿಳಿ ಬಟ್ಟೆಯನ್ನೂ ಪಕ್ಕದಲ್ಲಿ ಸೀರೆಯ ಸೆರಗನ್ನೂ ಇಟ್ಟು, ಫ್ಲಾಶ್ ಆರಿಸಿ ಚಿತ್ರ ತೆಗೆಯಬೇಕು. ಚಿತ್ರದಲ್ಲಿ ಬಿಳಿಯು ಬಿಳಿಯಾಗಿಯೇ ಇದ್ದರೆ ಉಳಿದ ಬಣ್ಣಗಳನ್ನೂ ಬಹುಮಟ್ಟಿಗೆ ನಂಬಬಹುದು. ಫ್ಲಾಶ್ ಬಳಸಿದರೆ ಹೊಳಪಿನ ನೂಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅಂಚಿನ ಬಣ್ಣ ಬಿಳಿಚಿಕೊಳ್ಳುತ್ತದೆ. ಬೆಲ್ಲಕ್ಕೂ ಇದು ಅನ್ವಯಿಸುತ್ತದೆ. ಬಣ್ಣದ ಮೇಲೆ ದರ ನಿಲ್ಲುವ ಸರಕಿನಲ್ಲಿ ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರವು ಕಂದು ಪೆಂಟೆಯನ್ನೂ ಹೊಂಬಣ್ಣವಾಗಿ ತೋರಿಸಬಲ್ಲದು. ಸರಕು ತಲುಪಿದ ದಿನ ಜಗಳ ಖಚಿತ.

ಇಂದಿನ ಫೋನುಗಳಲ್ಲಿ ಈ ಸಮಸ್ಯೆ ಹೋಯಿತೆಂದು ತಿಳಿಯಬಾರದು. ಅನೇಕ ಫೋನುಗಳು ಚಿತ್ರವನ್ನು ಕಣ್ಣಿಗೆ ಹಿತವಾಗುವಂತೆ ತಾವೇ ತಿದ್ದುತ್ತವೆ. ಕಣ್ಣಿಗೆ ಹಿತವಾದದ್ದು ಸರಕಿಗೆ ನಿಷ್ಠವಾಗಿರಬೇಕೆಂದಿಲ್ಲ. ಬಿಳಿ ಬಟ್ಟೆಯ ಪರೀಕ್ಷೆಯನ್ನು ಫೋನಿಗೂ ಮಾಡತಕ್ಕದ್ದು.

ಖಾತೆಪುಸ್ತಕದಲ್ಲಿ ಕ್ಯಾಮೆರಾ

1961ರ ಆದಾಯ ತೆರಿಗೆ ಕಾಯ್ದೆಯಡಿ 2007-08ನೆಯ ಹಣಕಾಸು ವರ್ಷದಲ್ಲಿ ಕೊಂಡ ಕ್ಯಾಮೆರಾವು ಯಂತ್ರೋಪಕರಣಗಳ ಸಾಮಾನ್ಯ ಗುಂಪಿಗೆ ಸೇರಿ ಶೇ. 15ರ ಸವಕಳಿಗೆ ಅರ್ಹವಾಗಿತ್ತು. ಕಂಪ್ಯೂಟರಿಗೆ ಅಂದು ಶೇ. 60 ಇತ್ತು. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ. ಅಂದರೆ ಸೆಪ್ಟೆಂಬರ್ ಕೊನೆಯಲ್ಲಿ ಕೊಂಡು ಬಳಸಲು ಆರಂಭಿಸಿದವನಿಗೆ ಪೂರ್ಣ, ದೀಪಾವಳಿಗೆ ಕೊಂಡವನಿಗೆ ಅರ್ಧ.

9,000 ರೂಪಾಯಿಯ ಕ್ಯಾಮೆರಾಕ್ಕೆ ಮೊದಲ ವರ್ಷವೇ ಪೂರ್ಣ ಸವಕಳಿ ಪಡೆದಿದ್ದರೂ ಮೂರು ವರ್ಷದ ಕೊನೆಗೆ ಪುಸ್ತಕದಲ್ಲಿ ಅದರ ಪಾಲು 5,527 ರೂ. ಉಳಿದಿರುತ್ತದೆ. ಪೇಟೆಯಲ್ಲಿ ಅಷ್ಟಕ್ಕೆ ಅದನ್ನು ಕೊಳ್ಳುವವರು ಇರಲಿಲ್ಲ. ಕೆಟ್ಟುಹೋಗಿ ಅಟ್ಟ ಸೇರಿದ ಮೇಲೂ ಗುಂಪಿನೊಳಗೆ ಅದರ ಸವಕಳಿ ನಡೆಯುತ್ತಲೇ ಇರುತ್ತದೆ. ಹದಿನೇಳು ವರ್ಷಗಳ ನಂತರ, 2024ರ ಮಾರ್ಚ್ ಕೊನೆಗೆ, 568 ರೂ. ಆಗಿ ಇನ್ನೂ ಜೀವಂತವಾಗಿತ್ತು! ಆದ್ದರಿಂದ ಬೇಗ ಹಳತಾಗುವ ಯಂತ್ರದ ನಿಜವಾದ ವೆಚ್ಚವನ್ನು ತೆರಿಗೆಯ ಸವಕಳಿಯಿಂದ ಅಳೆಯಬಾರದು. ಮೂರು ವರ್ಷಕ್ಕೆ ಹಂಚಿ, ವರ್ಷಕ್ಕೆ 3,000 ರೂ. ಎಂದು ತನ್ನ ಸ್ವಂತ ಲೆಕ್ಕದಲ್ಲಿ ಹಿಡಿದರೆ ಸರಕಿನ ದರ ನಿಗದಿಪಡಿಸುವಾಗ ಮೋಸ ಹೋಗುವುದಿಲ್ಲ.

ನಂತರದ ಎರಡು ಬದಲಾವಣೆಗಳನ್ನು ತಿಳಿದಿರಬೇಕು. 2017-18ರಿಂದ, ಆಸ್ತಿಯೊಂದಕ್ಕೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟರೆ ಆ ಮೊತ್ತವು ಆಸ್ತಿಯ ವೆಚ್ಚಕ್ಕೆ ಸೇರದು, ಅದರ ಮೇಲೆ ಸವಕಳಿಯೂ ಇಲ್ಲ. 10,500 ರೂ. ನಗದು ಎಣಿಸಿಕೊಟ್ಟವನು ಕಳೆದುಕೊಳ್ಳುವುದು ಮೇಲಿನ 500 ರೂಪಾಯಿಯ ಸವಕಳಿಯನ್ನಲ್ಲ, ಇಡೀ ಮೊತ್ತದ್ದನ್ನು. ಎರಡನೆಯದು ಜಿಎಸ್‌ಟಿ. 2017ರ ಜುಲೈಯಲ್ಲಿ ಡಿಜಿಟಲ್ ಕ್ಯಾಮೆರಾದ ಮೇಲೆ ಶೇ. 28 ತೆರಿಗೆ ಇತ್ತು. 2019ರ ಜನವರಿ 1ರಿಂದ ಅದು ಶೇ. 18ಕ್ಕೆ ಇಳಿಯಿತು. ತೆರಿಗೆ ಸೇರಿ 9,000 ರೂ. ಬಿಲ್ಲಿನಲ್ಲಿ ಶೇ. 18ರಂತೆ 1,373 ರೂ. ತೆರಿಗೆಯೇ. ನೋಂದಾಯಿತ ವರ್ತಕನು ವ್ಯಾಪಾರಕ್ಕೆ ಕೊಂಡಿದ್ದರೆ ಇದರ ಹೂಡುವಳಿ ಜಮೆಯನ್ನು ಪಡೆಯಬಹುದು. ಪಡೆದ ಮೇಲೆ ಅಷ್ಟಕ್ಕೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಬಿಲ್ಲು ಅಂಗಡಿಯ ಹೆಸರಿನಲ್ಲಿ ಜಿಎಸ್‌ಟಿ ಸಂಖ್ಯೆಯೊಡನೆ ಇರಬೇಕೇ ಹೊರತು ಮಗನ ಹೆಸರಿನಲ್ಲಿ ಅಲ್ಲ.

ಚಿತ್ರವು ದಾಖಲೆಯಾದಾಗ

ಗೋದಾಮಿಗೆ ಬೆಂಕಿ ಬಿದ್ದರೆ ಅಥವಾ ನೀರು ನುಗ್ಗಿದರೆ ವಿಮೆಯ ಸರ್ವೇಯರ್ ಮುಂದೆ ದಾಸ್ತಾನು ಪುಸ್ತಕದೊಡನೆ ಹಿಂದಿನ ತಿಂಗಳ ಚಿತ್ರಗಳೂ ಇದ್ದರೆ ವರ್ತಕನ ಮಾತಿಗೆ ಬಲ ಬರುತ್ತದೆ. ಆದರೆ ಚಿತ್ರದೊಳಗಿನ ದಿನಾಂಕ ಸರಿಯಿರಬೇಕು. ಬಹಳ ದಿನ ಸೆಲ್ಲು ತೆಗೆದಿಟ್ಟ ಹಳೆಯ ಕ್ಯಾಮೆರಾಗಳಲ್ಲಿ ಒಳಗಿನ ಗಡಿಯಾರವು ತಪ್ಪಿಹೋಗುವುದುಂಟು. ಕಳೆದ ತಿಂಗಳ ದಾಸ್ತಾನಿನ ಮೇಲೆ 2007ರ ದಿನಾಂಕವಿದ್ದರೆ ಅದು ಇರುವುದಕ್ಕಿಂತ ಇಲ್ಲದಿರುವುದೇ ಲೇಸು.

ನ್ಯಾಯಾಲಯದ ಮಾತು ಬೇರೆ. ವಿದ್ಯುನ್ಮಾನ ದಾಖಲೆಯ ನಕಲನ್ನು ಹಾಜರುಪಡಿಸಲು ಪ್ರಮಾಣಪತ್ರ ಬೇಕೆಂಬುದು ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿತ್ತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಕಡ್ಡಾಯವೆಂದೂ, ಮೂಲ ಸಾಧನವನ್ನೇ ಅದರ ಒಡೆಯನು ಹಾಜರುಪಡಿಸಿದರೆ ಬೇಕಿಲ್ಲವೆಂದೂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಈ ಸ್ಥಾನದಲ್ಲಿದೆ. ಅದರ ಪ್ರಮಾಣಪತ್ರಕ್ಕೆ ಎರಡು ಭಾಗಗಳಿದ್ದು ಒಂದನ್ನು ತಜ್ಞರು ಕೊಡಬೇಕು. ಆದ್ದರಿಂದ ಮಹತ್ವದ ಚಿತ್ರಗಳಿರುವ ಕಾರ್ಡನ್ನು ಅಳಿಸಿ ಮತ್ತೆ ಬಳಸದೆ, ಲಕೋಟೆಯಲ್ಲಿ ಹಾಕಿ ದಿನಾಂಕ ಬರೆದು ಕಪಾಟಿನಲ್ಲಿಡುವುದು ಒಳ್ಳೆಯದು. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ ಪ್ರತಿಯು ಕುಗ್ಗಿರುತ್ತದೆ, ತೆಗೆದ ದಿನಾಂಕದ ಒಳವಿವರವೂ ಅಳಿಸಿಹೋಗಿರುತ್ತದೆ. ಅದನ್ನು ಮೂಲವೆಂದು ಭಾವಿಸಬಾರದು.

ಹಳೆಯದನ್ನು ಕೊಳ್ಳುವವರಿಗೆ

ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈ ಕ್ಯಾಮೆರಾಗಳನ್ನು ಕೊಂಡು ಮಾರುವವರು ಮೊದಲು ಸೆಲ್ಲಿನ ಬಾಗಿಲನ್ನು ತೆರೆದು ನೋಡಬೇಕು. ವರ್ಷಗಟ್ಟಲೆ ಒಳಗೇ ಉಳಿದ ಅಲ್ಕಲೈನ್ ಸೆಲ್ಲು ಸೋರಿ ಲೋಹದ ಪಟ್ಟಿಗಳನ್ನು ತಿಂದಿರುವುದು ಎ550ರಂತಹ ಕ್ಯಾಮೆರಾಗಳಲ್ಲಿ ಕಾಣುವ ದೋಷ. ಲಿಥಿಯಂ ಬ್ಯಾಟರಿಯು ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬಾರದು. ಪರೀಕ್ಷಿಸಲು ಫೋನಿನ 64 ಜಿಬಿ ಕಾರ್ಡನ್ನು ಒಯ್ದು ಯಂತ್ರ ಕೆಟ್ಟಿದೆಯೆಂದು ತೀರ್ಮಾನಿಸಬಾರದು. 32 ಜಿಬಿಗೆ ಮೇಲಿನ ಎಸ್‌ಡಿ ಕಾರ್ಡಿನ ಕ್ರಮ ಬಂದದ್ದೇ 2009ರಲ್ಲಿ, 2007ರ ಕ್ಯಾಮೆರಾಕ್ಕೆ ಅದರ ಪರಿಚಯವಿಲ್ಲ. ಚಿಕ್ಕ ಹಳೆಯ ಕಾರ್ಡೊಂದನ್ನು ಹುಡುಕಿ ಒಯ್ಯಬೇಕು. ಡಬ್ಲ್ಯು55ನ್ನು ಚಾರ್ಜರ್ ಇಲ್ಲದೆ, ಮೆಮೊರಿ ಸ್ಟಿಕ್ ಇಲ್ಲದೆ ತಂದವನಿಗೆ ಬೆಲೆ ಹೇಳುವಾಗ ಚಾರ್ಜರ್, ಬ್ಯಾಟರಿ, ಕಾರ್ಡು ಮೂರರ ಇಂದಿನ ದರವನ್ನು ವಿಚಾರಿಸಿಕೊಂಡು, ಅಷ್ಟನ್ನು ಕಳೆದ ಮೇಲೆ ಉಳಿದದ್ದನ್ನು ಮಾತ್ರ ಹೇಳತಕ್ಕದ್ದು.